ಎನ್ನಲಾಗಿದೆ

ಕಾಗದನಗರದ ಶಾಲೆ, ಕೊನೆಯ ಪೀರಿಯಡ್.
ಮೈದಾನದಲ್ಲಿ ಕೆಸರು, ಖೋಖೋ ಇಲ್ಲ.
ನೆಲಕ್ಕೆ ಹಳೇ ಪೇಪರು ಹರಡಿದೆ.
ಅಜ್ಜ ಮಿಲ್ಲಿನಲ್ಲಿದ್ದ ಇಮ್ತಿಯಾಜ್ ಮೂಸಿ ನೋಡಿ
'ನಮ್ಮ ಕಾಗದ ಅಲ್ಲ ಸಾರ್' ಅಂದ.

ಎರಡರಲ್ಲೂ ಒಬ್ಬಳೇ ಓಟಗಾರ್ತಿ.
ಗೆದ್ದ ದಿನ ಹದಿಮೂರನೇ ಪುಟ, ಬೆರಳುದ್ದ ಜಾಗ,
ಹೆಸರಿನಲ್ಲೂ ಒಂದು ಒತ್ತಕ್ಷರ ತಪ್ಪಿದೆ.
ಮದ್ದು ತಗೊಂಡು ಸಿಕ್ಕಿಬಿದ್ದ ದಿನ ಮುಖಪುಟ,
ತಲೆ ತಗ್ಗಿಸಿದ ಫೋಟೋ.
'ಇದು ಶೂ ಲೇಸು ಕಟ್ಟುವಾಗ ತೆಗೆದಿದ್ದು'
ಅಂದಳು ಸೆಲ್ವರಾಣಿ; ಅವಳೂ ಓಡುವವಳು.

'ಕೋಚ್‌ಗೆ ಏನೂ ತಿಳಿದಿರಲಿಲ್ಲ ಎನ್ನಲಾಗಿದೆ.'
ಅಂದವರು ಯಾರು? ಕರ್ತೃಪದ ಹುಡುಕಿ ಅಂದೆ.
ಹುಡುಕಿದರು. ಹಾಳೆ ಮಗುಚಿ ಹಾಕಿಯೂ ನೋಡಿದರು.
ಹಿಂಬದಿಯಲ್ಲಿ ಪುಡಿ ಡಬ್ಬದ ಜಾಹೀರಾತು:
ಮೂವತ್ತೇ ದಿನದಲ್ಲಿ ಹುಲಿ.

'ಹಂಗಾರೆ ಅವಳದ್ದು ತಪ್ಪಿಲ್ವಾ?'
ಇದೆ. ಅವಳೇ ಒಪ್ಪಿದ್ದಾಳೆ, ಐದನೇ ಪ್ಯಾರಾದಲ್ಲಿ.
ಅಷ್ಟು ಕೆಳಗೆ ಯಾರೂ ಇಳಿದಿರಲಿಲ್ಲ.

ಪೇಪರು ಮಡಚುತ್ತಿದ್ದೆ.
'ನೀವು ಓಡ್ತಿದ್ದಾಗ ಏನಾದ್ರೂ ತಗೊಂಡಿದ್ರಾ ಸಾರ್?'
ಸೆಲ್ವರಾಣಿಯೇ ಕೇಳಿದ್ದು, ಕಣ್ಣು ಕೀಳದೆ.

ಅಷ್ಟರಲ್ಲಿ ಬೆಲ್ ಹೊಡೆಯಿತು
ಎನ್ನಲಾಗಿದೆ.