ಎಡಗೈ ರಂಪಿಗಿ

ಅಪ್ಪ ಸತ್ತ ಹದಿಮೂರನೇ ದಿನ
ತೊಗಲಿನ ಚೀಲ ಬಿಚ್ಚಿ ಪಾಲು ಮಾಡಿದರು.
ರಂಪಿಗಿ, ಆರಿ, ಕೊಡತಿ, ಕಬ್ಬಿಣದ ಅಡಿ
ಎಲ್ಲ ಪರಸು ಅಣ್ಣನ ಕಡೆ ಹೋದವು.
ನನ್ನ ಕಡೆ ಚೀಲ ಬಂತು, ಖಾಲಿ.
‘ಎಡಚಿಗೆ ಯಾತರ ಹತಾರ’ ಅಂದ ಕಾಕಾ.
ಅಂದದ್ದು ಖರೆಯೇ.
ಅಪ್ಪನ ರಂಪಿಗಿ ನನ್ನ ಕೈಯಲ್ಲಿ
ಸಾಲು ಬಿಟ್ಟು ಬದುವಿಗೆ ಎಳೆಯುವ ಎತ್ತು.
ಅದಕ್ಕೇ ಇಪ್ಪತ್ತು ವರ್ಷ
ಚಪ್ಪಲಿಗೆ ಜಡೆ ಹೆಣೆಯುವುದಷ್ಟೇ ನನ್ನ ಪಾಲಿನ ಕೆಲಸ.

ಸೊಲ್ಲಾಪುರದ ಗುಜರಿಯಲ್ಲಿ
ಮುಚ್ಚಿದ ಮಿಲ್ಲಿನ ಲಾಳಿಗಳು
ಒಣಮೀನಿನ ಹಾಗೆ ರಾಶಿ ಬಿದ್ದಿದ್ದವು, ಕಿಲೋ ಲೆಕ್ಕ.
ನಾಲ್ಕು ಆರಿಸಿದೆ, ತುದಿಯ ಉಕ್ಕು ಇನ್ನೂ ಚೂಪಿದ್ದವು.
ಲಾರಿಯ ಮುರಿದ ಪಾಟಾ, ಒಂದು ಗೇಣು.
‘ಕಾಯ ಕರಣಾರ ಬಾಯಿ?’
‘ಒಂದು ಕೈ ಮಾಡಬೇಕಾಗೇತಿ’ ಅಂದೆ, ಕನ್ನಡದಲ್ಲೇ.
ತಿಳಿಯಿತೋ ಇಲ್ಲವೋ, ಐದು ರೂಪಾಯಿ ಬಿಟ್ಟ.

ಮೈಂದರ್ಗಿಯ ನಮ್ಮ ಹಿತ್ತಲು.
ತಳ ಸುಟ್ಟ ಬೋಗುಣಿ ಕುಲುಮೆ,
ಸೈಕಲ್ ಪಂಪು ತಿದಿ.
ಬಡಿದು ಬಡಿದು ಅಗಲ ಮಾಡಿದ್ದನ್ನು
ಮೊದಲ ಸಲ ಕೆಂಪಗಿರುವಾಗಲೇ ನೀರಿಗೆ ಅದ್ದಿದೆ:
ಟಿಣ್ ಅಂತ ಸೀಳಿತು, ಗಾಜಿನ ಬಳೆ.
ಎರಡನೆಯದನ್ನು ಹೆದರಿ ಬೂದಿಯಲ್ಲಿ ಮಲಗಿಸಿದೆ,
ತೊಗಲಿಗೆ ಒತ್ತಿದರೆ
ತಾನೇ ಬಾಗಿ ನಮಸ್ಕಾರ ಮಾಡಿತು.
ಕಂಬಾರ ಮೋನಪ್ಪನಿಗೆ ಗೋಡೆಯಾಚೆ ಕೇಳಿಸಿರಬೇಕು.
‘ಕುಸುಬಿ ಎಣ್ಣಿ, ತಂಗಿ’ ಅಂದ.
ಅಷ್ಟೇ ಅಂದದ್ದು. ಈ ಕಡೆ ಬರಲಿಲ್ಲ.
ಆ ತಿಂಗಳ ಒಗ್ಗರಣೆಯನ್ನೆಲ್ಲ
ಒಂದು ಅಲಗು ಕುಡಿಯಿತು.

ಆಮೇಲೆ ತಿಕ್ಕಿ ಬೆಳ್ಳಗೆ ಮಾಡಿ
ಹಂಚಿನ ಮೇಲೆ ಮತ್ತೆ ಕಾಯಿಸಬೇಕು.
ಬಣ್ಣ ಬೆನ್ನಿನಿಂದ ಬಾಯಿಯ ಕಡೆ ನಡೆದು ಬರುತ್ತದೆ,
ಮುಂದೆ ಜೋಳದ ರವದಿಯ ಹಳದಿ,
ಅದರ ಬೆನ್ನಿಗೆ ಬೆಲ್ಲದ ಕಂದು,
ಹಿಂದೆ ಅವಸರ ಮಾಡುವ ನೇರಳೆ.
ಹಳದಿ ಬಾಯಿ ಮುಟ್ಟಿತೋ, ಎತ್ತು.
ರೊಟ್ಟಿ ತಿರುವಿ ಬಲ್ಲವಳಿಗೆ
ಇದನ್ನು ಯಾರೂ ಕಲಿಸಬೇಕಿಲ್ಲ.

ಕಾನಸು ಹಿಡಿದು ನಾಲ್ಕು ರಾತ್ರಿ
ಇಳಿಜಾರನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ತಂದೆ.
ಇಷ್ಟೇ ನೋಡಿ ವ್ಯತ್ಯಾಸ.
ಹಿಡಿಕೆಗೆ ಲಾಳಿಯದೇ ಕಟ್ಟಿಗೆ,
ಯಾರದೋ ಬೆವರಿಗೆ ಮೊದಲೇ ನುಣುಪಾಗಿದ್ದದ್ದು.
ಕಿರುಬೆರಳಿಗೆ ಒಂದು ತಗ್ಗು ಕೊರೆದೆ.
ಲಾಳಿಯ ಮೊನೆ ಆರಿಯಾಯಿತು:
ದಾರ ಹೊತ್ತು ಓಡುತ್ತಿದ್ದದ್ದು
ಈಗ ದಾರಕ್ಕೆ ದಾರಿ ಬಿಡಿಸುತ್ತದೆ.

ದೀಪಾವಳಿಯ ಮುಂದೆ ಆರ್ಡರು ಹೆಚ್ಚಾಗಿ
ಪರಸು ಅಣ್ಣ ಬಾಗಿಲಿಗೆ ಬಂದ. ಅವನದು ಮೊಂಡು,
ನನ್ನದು ಕೇಳಿದ. ಕೊಟ್ಟೆ.
ಎರಡು ಅಟ್ಟೆ ಕೆಡಿಸಿಕೊಂಡು
ಸಂಜೆಗೆ ತಂದಿಟ್ಟ: ‘ದೆವ್ವ ಹಿಡಿದೈತಿ ಇದಕ.’
ನಾನು ನಗಲಿಲ್ಲ.
ಒಳಗೆ ಹೋಗಿ ನಕ್ಕೆ.

ಕೊನೆಗೆ ಆರು ಇಂಚಿನ ಮೊಳೆಯ ತಲೆಯಲ್ಲಿ ಒಂದು ಅಚ್ಚು.
ಬೇವಿನೆಲೆ ಕೆತ್ತಲು ಹೋದೆ, ಕಾನಸು ಜಾರಿ
ಹುಳ ತಿಂದ ಎಲೆಯಾಯಿತು.
ಇರಲಿ ಅಂತ ಬಿಟ್ಟೆ.
ಹಿಮ್ಮಡಿ ಕೂರುವ ಕಡೆ ಒತ್ತುತ್ತೇನೆ.
ಮೆಟ್ಟಿದಾಗ ಕಾಣುವುದಿಲ್ಲ. ಬಿಟ್ಟಾಗ ಕಾಣುತ್ತದೆ.

ಮೊನ್ನೆ ದೊಡ್ಡ ಮನೆಗೆ ಬಾಕಿ ಕೇಳಲು ಹೋಗಿದ್ದೆ.
ಕಟ್ಟೆಯ ಕೆಳಗೆ ನಿಂತೆ,
ನಾವು ನಿಲ್ಲುವುದು ಅಲ್ಲೇ.
ಒಳಗೆ ಏನೋ ಕಾರ್ಯ, ಪಂಕ್ತಿಯ ಗದ್ದಲ.
ಹೊಸ್ತಿಲ ಹೊರಗೆ ನನ್ನ ಜೊತೆ
ನಲವತ್ತು ಜೊತೆ ಚಪ್ಪಲಿ.
ಹೊತ್ತು ಹೋಗಲಿ ಅಂತ ಎಣಿಸಿದೆ:
ಹನ್ನೊಂದರಲ್ಲಿ ಹುಳ ತಿಂದ ಎಲೆ
ಬಿಸಿಲಿಗೆ ಮುಖ ಮಾಡಿ ಮಲಗಿತ್ತು.
ಒಂದರ ಉಂಗುಟ ಬಿಚ್ಚಿತ್ತು.
ಸೊಂಟದ ಚೀಲದಿಂದ ಆರಿ ತೆಗೆದು
ಕುಕ್ಕರಗಾಲಲ್ಲಿ ಕೂತೆ. ನಾಲ್ಕು ಹೊಲಿಗೆ.
ಯಾರೂ ಹೇಳಿರಲಿಲ್ಲ.

ಬಾಕಿಯ ಜೊತೆ
ಇದರ ಹತ್ತು ರೂಪಾಯಿಯನ್ನೂ ಕೇಳಬೇಕು.