ಮೂರಿಪ್ಪತ್ತರ ಮೇಲೆ ಹದಿನೈದು

ನಮ್ಮ ಜಾರ್ಜಿಯನ್ ನುಡಿಯಲ್ಲಿ ಎಪ್ಪತ್ತಕ್ಕೆ ಸ್ವಂತ ಹೆಸರಿಲ್ಲ.
ಎಪ್ಪತ್ತೈದೆಂದರೆ ಮೂರಿಪ್ಪತ್ತರ ಮೇಲೆ ಹದಿನೈದು.
ಚಿಯಾತುರಾದ ಗಣಿಯಲ್ಲೂ ಹಾಗೇ, ಸಂತೆಯಲ್ಲೂ,
ಸತ್ತವರ ವಯಸ್ಸು ಹೇಳುವಾಗಲೂ.

ಪಿಕ್ರಿಯಾ ಕೇಳಿದ್ದನ್ನು ಕೇಳಿದ ಹಾಗೇ ಬರೆದಳು.
ಮೊದಲು ಅರವತ್ತು, ಪಕ್ಕಕ್ಕೆ ಹದಿನೈದು:
೬೦೧೫.
ಹಿಂದಿನ ಬೆಂಚಿನಿಂದ ನಗು.
ಅವಳೂ ನಕ್ಕಳು, ತುಸು ತಡವಾಗಿ,
ಅರ್ಥವಾಗದ ಜೋಕಿಗೆ ನಗುವವರ ಹಾಗೆ.

ಕೆಂಪು ಪೆನ್ನು ಕೈಯಲ್ಲೇ ಇತ್ತು.
ಇದೇ ಪೆನ್ನು, ಅಥವಾ ಇದರ ಅಜ್ಜ ಅನ್ನಿ,
ಹದಿನೆಂಟು ವರ್ಷದ ಹಿಂದೆ ಗುರಾಮನ ಪುಸ್ತಕದ ತುಂಬ
'ಗಮನವಿಲ್ಲ', 'ಗಮನವಿಲ್ಲ' ಎಂದು ಗೀಚಿತ್ತು.
ಈಗವನು ರೋಪ್‌ವೇ ನಡೆಸುತ್ತಾನೆ.
ಕಂದರದ ಮೇಲೆ ತೂಗುವ ತಗಡಿನ ಡಬ್ಬಿಯನ್ನು
ಗಾಳಿಯ ಸದ್ದು ಕೇಳಿಯೇ ನಿಲ್ಲಿಸಬಲ್ಲ, ಏರಿಸಬಲ್ಲ.
ಮೊನ್ನೆ ರೊಟ್ಟಿಯಂಗಡಿಯಲ್ಲಿ ನನ್ನ ಮುಂದೆಯೇ ನಿಂತಿದ್ದ.
ಚಿಲ್ಲರೆಯನ್ನೆಲ್ಲ ಅಂಗೈಯಲ್ಲಿ ಹರಡಿ ಚಾಚಿದ:
'ನಿನ್ನದೆಷ್ಟೋ ತಗೋ.'
ಆಕೆ ತೆಗೆದುಕೊಂಡಳು. ಸರಿಯಾಗಿಯೇ ಇದ್ದೀತು.
ನಾನು ಎಣಿಸಲಿಲ್ಲ.

ಪಿಕ್ರಿಯಾಳ ಅಜ್ಜಿ ಚುರ್ಚ್‌ಖೇಲಾ ಮಾರುವಾಕೆ.
ಆಕ್ರೋಟಿನ ಹೋಳು ದಾರಕ್ಕೆ ಪೋಣಿಸಿ
ಕುದಿಸಿದ ದ್ರಾಕ್ಷಿರಸದಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ.
ಪೋಣಿಸುವುದು ಹುಡುಗಿಯ ಪಾಲು.
ಸರಕ್ಕೆ ಇಪ್ಪತ್ತು. ಎಣಿಸುತ್ತೀಯಾ ಅಂದರೆ,
'ಇಲ್ಲ ಟೀಚರ್, ದಾರ ಹೇಳುತ್ತೆ.'

ಹಾಗಾದರೆ ದಾರವೇ ಹೇಳಲಿ.
ಮರುದಿನ ಸೂಜಿ ತಂದೆ, ಒಂದು ಚೀಲ ಆಕ್ರೋಟು.
ಮೂರು ಸರ ಮೇಜಿನ ಮೇಲೆ, ಬಿಡಿಯಾಗಿ ಹದಿನೈದು.
ಪ್ರತಿ ಸರದ ನಟ್ಟನಡುವೆ ಗಂಟು ಹಾಕಿಸಿದೆ,
ಗಂಟಿನಾಚೆ ಹತ್ತು, ಈಚೆ ಹತ್ತು.
ಬಿಡಿಯಲ್ಲೂ ಹತ್ತು ಪೋಣಿಸು ಎಂದೆ.
ಅವಳ ಬೆರಳು ಸವರುತ್ತ ಹೋಯಿತು,
ಕತ್ತಲಲ್ಲಿ ಗೋಡೆ ಹಿಡಿದು ನಡೆವವರಂತೆ:
ಐದು... ಆರು... ಏಳು. ಮಿಕ್ಕಿದ್ದು ಐದು.
ಏಳು ಬರೆದಳು. ಐದು ಬರೆದಳು.
ಆಮೇಲೆ ಅನುಮಾನದಿಂದ ನನ್ನ ಮುಖ ನೋಡಿ,
'ಇಷ್ಟೇನಾ? ಇಷ್ಟೊಂದು ಆಕ್ರೋಟು
ಎರಡೇ ಅಂಕಿಯೊಳಗೆ ಹೇಗೆ ಹಿಡಿಯುತ್ತೆ?'

ಮೂವತ್ತು ವರ್ಷ ಕಲಿಸಿದ್ದೇನೆ,
ಯಾರೂ ಕೇಳಿರಲಿಲ್ಲ ಇದನ್ನು. ನಾನೂ.

ಗುರುವಾರ ಎಲ್ಲ ಮರೆತಿದ್ದಳು.
ಎಂಟಕ್ಕೆ ಏಳು ಕೂಡಿದರೆ ಹನ್ನೆರಡಂತೆ.
ಮತ್ತೆ ಸೂಜಿ, ಮತ್ತೆ ದಾರ.
ಶುಕ್ರವಾರ ನಾನು ಮಾತಿನ ಭರದಲ್ಲಿ ಮೂರು ತಿಂದುಬಿಟ್ಟೆ.
ಲೆಕ್ಕ ಕಳ್ಳತನವಾಗಿದೆ ಎಂದು ಕಂಡುಹಿಡಿದವಳು ಅವಳೇ.

ಸಂಜೆ ರೋಪ್‌ವೇಯಲ್ಲಿ ಮನೆಗೆ ಹೊರಟೆ.
ಗುರಾಮ್ ಚಿಲಕ ಹಾಕಿದ. ಡಬ್ಬಿ ನೆಲ ಬಿಟ್ಟಿತು.
'ಚೀಲದಲ್ಲೇನೋ ಗಲಗಲ ಅನ್ನುತ್ತಲ್ಲ, ಟೀಚರ್?'
'ಆಕ್ರೋಟು,' ಅಂದೆ.
ಅವನು ಅಂಗೈ ಚಾಚಿದ, ಅದೇ ಅಂಗೈ.
ಒಂದೊಂದಾಗಿ ಇಟ್ಟೆ,
ಅವನಿಗೆ ಕೇಳಿಸುವ ಹಾಗೆ.