ಹತ್ತೊಂಬತ್ತು ದಿನ ಮೋಡವಿರಲಿಲ್ಲ

ಬಾಗಿಲು ತಳ್ಳಿಕೊಂಡು ದಾಶ್‌ಝೆವೆಗ್ ಬಂದ,
ಹುಬ್ಬಿನ ಮೇಲೆ ಹಿಮದ ಹುಡಿ,
ಕುರಿದೊಗಲ ನಿಲುವಂಗಿಯೊಳಗೆ
ಕೂಸಿನ ಹಾಗೆ ಅವುಚಿಕೊಂಡ ಲ್ಯಾಪ್‌ಟಾಪು.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
"ಸೊಲೊಂಗೊ, ಬೇಗ ಆನ್ ಮಾಡು,
ಉಲಾನ್‌ಬಾತರಿನ ಆಫೀಸಿಂದ ಬೈಗುಳ ಶುರುವಾಗಿದೆ."

ಮಾಡುವುದಿಲ್ಲ ಅಂದೆ.
ಮುಟ್ಟಿ ನೋಡು, ಹೇಗೆ ಬೆವರುತ್ತಿದೆ.
ಚಳಿಯಿಂದ ಬಂದದ್ದಕ್ಕೆ ಬಂದ ಕಾಲಲ್ಲೇ ಕರೆಂಟು ಕೊಟ್ಟರೆ
ಒಳಗಿನ ಪಸೆಯೇ ಅದನ್ನು ಸುಡುತ್ತದೆ.
ಎರಡು ಗಂಟೆ ಕೂತಿರಲಿ. ನೀನೂ ಕೂತಿರು.

ಉಪ್ಪು ಹಾಕಿದ ಹಾಲಿನ ಚಹಾ ಬಗ್ಗಿಸಿದೆ.
ಅಂಗಡಿ ಅಂದರೆ ದಾಲನ್‌ಝದಗದ್ ಪೇಟೆಯ ಹಿಂದೆ
ಚಕ್ರವಿಲ್ಲದ ಒಂದು ಸರಕಿನ ಕಂಟೇನರು,
ಕಲ್ಲಿದ್ದಲ ಒಲೆ, ಗೋಡೆಗೆ ಜೋತ ಚಾರ್ಜರುಗಳು,
ರಿಪೇರಿಗೆಂದು ಬಂದು ಯಾರೂ ಮರಳಿ ಕೇಳದ ಪ್ರಿಂಟರು.

ಅಷ್ಟರಲ್ಲಿ ಟ್ಯಾಂಕರಿನ ಡ್ರೈವರು ಬಂದ:
ಸ್ಕ್ರೀನು ಸತ್ತಿದೆ.
ಟಾರ್ಚು ಓರೆಯಾಗಿ ಹಿಡಿದೆ. ಕತ್ತಲ ತಳದಲ್ಲಿ
ಅವನ ಹೆಂಡತಿಯ ಮುಖ ಮಸುಕಾಗಿ ನಗುತ್ತಿತ್ತು.
ಬೆಳಕು ಪೂರಾ ಇಳಿಸಿದ್ದಾನೆ, ಮೊಣಕೈ ತಾಗಿಸಿ.
ಇದಕ್ಕೆ ದುಡ್ಡು ಕೇಳಲು ನನಗೂ ಮನಸ್ಸಾಗಲಿಲ್ಲ.

ಬ್ಯಾಂಕಿನ ಹುಡುಗಿಯದು ವಿಮಾನದಂತೆ ಮೊರೆಯುತ್ತಿತ್ತು.
ಫ್ಯಾನು ಬಿಚ್ಚಿದರೆ ಒಂದು ಮುಷ್ಟಿ ಮೇಕೆಗೂದಲು,
ಕಳೆದ ವಸಂತದ್ದು, ಮೆತ್ತಗೆ, ಬೂದುಬಣ್ಣ.
"ಇದನ್ನು ಮಾರಿದರೆ ನನ್ನ ಕೂಲಿ ಹುಟ್ಟುತ್ತದೆ" ಅಂದೆ.
ಅವಳು ಅದನ್ನು ನಿಜಕ್ಕೂ ಜೇಬಿಗೆ ಹಾಕಿಕೊಂಡಳು.

ಫೋನಿನಲ್ಲಿ ಯಾರೋ: ಎಲ್ಲ ನಿಧಾನ, ಎಲ್ಲ ಅಂಟಂಟು.
ಆರಿಸಿ ಹಚ್ಚಿದೆಯಾ? ದಿನಾ ಆರಿಸುತ್ತೇನೆ.
ಹೇಗೆ? ಮುಚ್ಚಳ ಮುಚ್ಚುತ್ತೇನೆ.
ಅಯ್ಯಾ, ಕಣ್ಣು ಮುಚ್ಚಿದವರೆಲ್ಲ ಮಲಗಿರುವುದಿಲ್ಲ.

ಎರಡು ಗಂಟೆ ಆಯಿತು.
"ನಿನ್ನದೇನು?" ಅಂದೆ ದಾಶ್‌ಝೆವೆಗನಿಗೆ.
"ಒಂದೇ ಅಕ್ಷರ" ಅಂದ. "ಊ."

ಅವನ ಕೆಲಸ ಆಕಾಶ ನೋಡುವುದು.
ಮರುಭೂಮಿಯ ಅಂಚಿನ ಹವಾಮಾನ ಠಾಣೆ,
ಮೂರು ತಾಸಿಗೊಮ್ಮೆ ಹೊರಗೆ ಬಂದು ಕತ್ತೆತ್ತಿ
ಕಂಡದ್ದನ್ನು ಬರೆದು ಕಳಿಸುವುದು.
ನಮ್ಮ ಮಾತಿನಲ್ಲಿ ಮೋಡಕ್ಕೆ ಊಲ್.
ಆ ಕೀ ಸತ್ತ ದಿನದಿಂದ ಮೋಡ ಬರೆಯಲಾಗಲಿಲ್ಲ;
ಬರೆಯಲಾದದ್ದನ್ನು ಬರೆದ: ಆಕಾಶ ನಿರ್ಮಲ.
ನಿರ್ಮಲ, ನಿರ್ಮಲ, ಹತ್ತೊಂಬತ್ತು ದಿನ ನಿರ್ಮಲ.
ಇಪ್ಪತ್ತನೆಯ ದಿನ ಹಿಮ ಸುರಿಯಿತು.
ಹಿಮಕ್ಕೆ ಆ ಅಕ್ಷರ ಬೇಡ, ಬರೆದುಬಿಟ್ಟ.
ನಿರ್ಮಲ ಆಕಾಶದಿಂದ ಒಂದು ಗೇಣು ಹಿಮ!
ಆಗ ಬಂತು ಫೋನು.

"ಹಳೆಯ ವರದಿಯಿಂದ ಆ ಅಕ್ಷರ ನಕಲು ಮಾಡಿ
ಅಂಟಿಸಬಹುದಿತ್ತಲ್ಲ ಮಾರಾಯ?"
ಚಹಾದ ಬಟ್ಟಲು ತಿರುಗಿಸುತ್ತ ಕೂತ.
"ಮೊದಲ ದಿನ ಹೊಳೆಯಲಿಲ್ಲ.
ಆಮೇಲೆ ಹೊಳೆಯಿತು, ನಾಚಿಕೆಯಾಯಿತು.
ಆಮೇಲೆ ಹೇಗೋ,
ಕತ್ತೆತ್ತಿದರೆ ನಿಜಕ್ಕೂ ನಿರ್ಮಲ ಅನ್ನಿಸತೊಡಗಿತು."

ನಾನು ಮಾತಾಡಲಿಲ್ಲ.
ಉಗುರು ತೆಳುವಿನ ಪ್ಲಾಸ್ಟಿಕ್ಕಿನಿಂದ ಕೀ ಮೀಟಿದೆ,
ಟಕ್ಕೆಂದು ಎದ್ದು ಅಂಗೈಗೆ ಬಿತ್ತು.
ಅಡಿಯಲ್ಲಿ, ತುಸು ಹಳದಿ, ಹಲ್ಲಿನಷ್ಟು ಗಟ್ಟಿ,
ಒಂದು ಚೂರು ಆರೂಲ್:
ಬಿಸಿಲಿಗೆ ಒಣಗಿಸಿದ ಮೊಸರಿನ ಗಟ್ಟಿ,
ರಾತ್ರಿ ಪಾಳಿಯಲ್ಲಿ ಕಡಿಯುತ್ತ ಕೂರುವಂಥದ್ದು.
ಗೋಬಿಯ ಮೋಡಗಳನ್ನೆಲ್ಲ ತಡೆದು ನಿಲ್ಲಿಸಿದ್ದು ಇದು,
ಸಾಸಿವೆಗಿಂತ ಎರಡು ಪಾಲು ದೊಡ್ಡದು.

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದೆ,
ಕೀ ಕೂರಿಸಿ ಒತ್ತಿ ಹಿಡಿದೆ.
ಊಊಊಊಊಊಊಊ
ಸ್ಕ್ರೀನಿನ ಉದ್ದಕ್ಕೂ ಸದ್ದಿಲ್ಲದ ತೋಳದ ಕೂಗು.
ಅವನು ಹುಡುಗನಂತೆ ನಕ್ಕ.

"ಆ ಹತ್ತೊಂಬತ್ತು ದಿನ ತಿದ್ದುತ್ತೀಯಾ?"
"ಏನಂತ ತಿದ್ದಲಿ? ನೋಡಿದವನು ನಾನೊಬ್ಬನೇ.
ಆ ಮೋಡಗಳು ಈಗ ಯಾವ ಊರಿನ ಲೆಕ್ಕದಲ್ಲಿವೆಯೋ."

ಕೂಲಿ ಎಣಿಸಿಟ್ಟ. ಮೇಲೆ ಪ್ರೀತಿಗೆ
ಒಂದು ಬಟ್ಟೆಚೀಲ ಆರೂಲ್.
ಅವನು ಹೋದ ಮೇಲೆ ಒಂದು ಬಾಯಿಗೆ ಹಾಕಿಕೊಂಡೆ,
ಮೇಜಿನಿಂದ ನಾಲ್ಕು ಹೆಜ್ಜೆ ದೂರ ಸರಿದು.